ಜಗಳವಾದ ಮರುದಿನ

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ವಿಜಯನಗರದ ದೊರೆ ಬುಕ್ಕರಾಯನ ಕಾಲದ ಶಾಸನವೊಂದಿದೆ. ಶಕ ವರ್ಷ 1290, ಕೀಲಕ ಸಂವತ್ಸರದ ಭಾದ್ರಪದ ಮಾಸ. ಇಂದಿನ ಲೆಕ್ಕದಲ್ಲಿ 1368. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಊರುಗಳ ಜೈನರು ಒಟ್ಟಾಗಿ ರಾಜನ ಬಳಿಗೆ ಹೋಗಿ, ಶ್ರೀವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಬಿನ್ನವಿಸಿಕೊಂಡರು. ಅದಕ್ಕೆ ಸಿಕ್ಕ ತೀರ್ಪನ್ನು ಈ ಕಲ್ಲು ವಿವರವಾಗಿ ದಾಖಲಿಸಿದೆ. ಕನ್ನಡದಲ್ಲಿ ಪರಧರ್ಮ ಸಹಿಷ್ಣುತೆಯ ಮಾತು ಬಂದಾಗಲೆಲ್ಲ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ನೆನೆಯುವುದು ವಾಡಿಕೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಶಕ್ತಿಯನ್ನು ಆ ಗ್ರಂಥ ದೊಡ್ಡ ಸಂಪತ್ತೆಂದು ಎಣಿಸಿದೆ. ನಾವು ಹೆಮ್ಮೆಪಡಬೇಕಾದ ಮಾತೇ ಅದು. ಆದರೆ ಸೈರಣೆ ಮುರಿದುಬಿದ್ದಾಗ ಏನು ಮಾಡಬೇಕು, ಯಾರು ಮಾಡಬೇಕು, ಖರ್ಚು ಯಾರದು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಶ್ರವಣಬೆಳಗೊಳದ ಈ ಕಲ್ಲಿನ ಮುಂದೆ ನಿಲ್ಲಬೇಕು. ಅನ್ಯಧರ್ಮದವರನ್ನು ಗೌರವಿಸುವುದು ಎಂದರೆ ಮನಸ್ಸಿನಲ್ಲಿ ಒಳ್ಳೆಯ ಭಾವನೆ ಇಟ್ಟುಕೊಳ್ಳುವುದು ಎಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಈ ಶಾಸನವನ್ನು ಓದಿದರೆ ಗೌರವಕ್ಕೆ ಅದಕ್ಕಿಂತ ಗಟ್ಟಿಯಾದ ರೂಪವಿದೆ ಎಂದು ತಿಳಿಯುತ್ತದೆ. ಜಗಳವಾದ ಮರುದಿನ ಯಾರು ಯಾವ ಹೊಣೆ ಹೊರುತ್ತಾರೆ ಎಂಬುದೇ ಆ ರೂಪ.

ಮೊದಲು ಜಗಳ ಯಾವುದರ ಬಗ್ಗೆ ಇತ್ತು ಎಂದು ನೋಡಬೇಕು. ಆತ್ಮ ಎಂದರೇನು, ಜಗತ್ತಿಗೆ ಕರ್ತನಿದ್ದಾನೆಯೇ ಇಲ್ಲವೇ ಎಂಬಂಥ ವಿಷಯಗಳಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಭೂಮ್ಯಾಕಾಶದ ಅಂತರವಿತ್ತು. ವಿದ್ವಾಂಸರು ಅದರ ಬಗ್ಗೆ ಶತಮಾನಗಳ ಕಾಲ ವಾದ ಮಾಡಿದ್ದರು, ಮಾಡುತ್ತಲೂ ಇದ್ದರು. ಶಾಸನದ ತೀರ್ಪಿನಲ್ಲಿ ಆ ವಿಷಯದ ಸೊಲ್ಲೇ ಇಲ್ಲ. ಅಲ್ಲಿ ಬರುವುದು ಪಂಚಮಹಾವಾದ್ಯ ಮತ್ತು ಕಲಶ. ಶಂಖ, ಭೇರಿ, ಜಯಘಂಟೆ ಮೊದಲಾದ ಐದು ವಾದ್ಯಗಳನ್ನು ಊದಿಸುವ, ಬಾರಿಸುವ ಹಕ್ಕು ಅಂದಿನ ಸಮಾಜದಲ್ಲಿ ಮಾನ್ಯತೆಯ ಗುರುತು. ಅದು ಹಿಂದಿನಂತೆಯೇ ಜೈನರಿಗೆ ಸಲ್ಲಬೇಕು ಎಂದು ರಾಜ ಹೇಳಬೇಕಾಯಿತು ಎಂದರೆ, ಯಾರೋ ಅದನ್ನು ತಡೆದಿದ್ದರು ಎಂದೇ ಅರ್ಥ. ಆರೂವರೆ ಶತಮಾನ ಕಳೆದರೂ ಈ ಪಟ್ಟಿ ಹೆಚ್ಚು ಬದಲಾಗಿಲ್ಲ. ಇಂದಿನ ಕೋಮು ಘರ್ಷಣೆಗಳ ಮೂಲ ಹುಡುಕಿದರೆ ಸಿಗುವುದು ಮೆರವಣಿಗೆಯ ದಾರಿ, ಧ್ವನಿವರ್ಧಕದ ಸದ್ದು, ಬಾವುಟ ಕಟ್ಟಿದ ಕಂಬ, ಫ್ಲೆಕ್ಸ್ ಹಾಕಿದ ವೃತ್ತ, ಒಂದು ಗೋಡೆ, ಒಂದು ಸ್ಮಶಾನದ ಗಡಿ. ದೇವರ ಸ್ವರೂಪದ ಬಗ್ಗೆ ಭಿನ್ನಾಭಿಪ್ರಾಯ ಬಂದು ಕಲ್ಲು ತೂರಾಟ ನಡೆದ ಊರು ಯಾವುದೂ ಇರಲಿಕ್ಕಿಲ್ಲ. ಇದನ್ನು ಗಮನಿಸದೆ ಸಹಿಷ್ಣುತೆಯ ಬಗ್ಗೆ ಮಾತಾಡುವವರು ತತ್ತ್ವಗಳ ಸಮನ್ವಯಕ್ಕೆ ಹೊರಡುತ್ತಾರೆ. ಬೀದಿಯ ತಂಟೆ ಬೀದಿಯಲ್ಲೇ ಉಳಿಯುತ್ತದೆ. ಬುಕ್ಕರಾಯನ ತೀರ್ಪು ತಂಟೆ ಇದ್ದಲ್ಲಿಗೇ ಬಂದು, ಈ ವಾದ್ಯ, ಈ ಕಲಶ, ಇವು ಅವರ ಹಕ್ಕು ಎಂದು ಹೆಸರು ಹಿಡಿದು ಹೇಳಿತು.

ಹಾಗೆ ಹೇಳಿ ಕೈತೊಳೆದುಕೊಳ್ಳಲಿಲ್ಲ ಎಂಬುದು ಇನ್ನೂ ಮುಖ್ಯ. ರಾಜ ಶ್ರೀವೈಷ್ಣವರ ಪರವಾಗಿ ಯಾರೋ ಒಬ್ಬ ಮುಖಂಡನನ್ನು ಕರೆಸಲಿಲ್ಲ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರಿಂದ ಹಿಡಿದು ಹದಿನೆಂಟು ನಾಡಿನ ಶ್ರೀವೈಷ್ಣವರೆಲ್ಲರನ್ನೂ, ಅವರೊಳಗೆ ದೇವಾಲಯದ ನಾನಾ ಸೇವೆಯವರನ್ನೂ, ಕೊನೆಗೆ ಸಮಾಜದ ಅಂಚಿನಲ್ಲಿದ್ದ ತಿರಿಕುಲ, ಜಾಂಬವಕುಲದವರನ್ನೂ ಶಾಸನ ಹೆಸರಿಸುತ್ತದೆ. ಅಷ್ಟೂ ಜನರ ಕೈಯಲ್ಲಿ ಜೈನರ ಕೈಯನ್ನು ಹಿಡಿದು ಕೊಟ್ಟನಂತೆ ಬುಕ್ಕರಾಯ. ಆಮೇಲಿನ ಷರತ್ತು ಅಸಾಧಾರಣವಾದದ್ದು. ಭಕ್ತರಿಂದ ಜೈನ ದರ್ಶನಕ್ಕೆ ಹಾನಿಯೋ ವೃದ್ಧಿಯೋ ಆದರೆ, ಅದನ್ನು ವೈಷ್ಣವ ದರ್ಶನಕ್ಕೇ ಆದ ಹಾನಿ, ವೃದ್ಧಿ ಎಂದು ಎಣಿಸಬೇಕು. ರಾಜ್ಯದ ಎಲ್ಲ ಬಸದಿಗಳಲ್ಲಿ ಈ ಶಾಸನವನ್ನು ನೆಡಿಸುವ ಕೆಲಸ ಶ್ರೀವೈಷ್ಣವರದೇ. ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದರಲ್ಲಿ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇಡಬೇಕು, ಮಿಕ್ಕ ಹಣದಲ್ಲಿ ಶಿಥಿಲವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಅಂದರೆ ಜೈನ ತೀರ್ಥಕ್ಕೆ ಕಾವಲುಗಾರರನ್ನು ನೇಮಿಸುವವರು ತಿರುಮಲೆಯ ವೈಷ್ಣವ ಆಚಾರ್ಯರು. ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘದ್ರೋಹಿ. ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನೂ ಬ್ರಾಹ್ಮಣನನ್ನೂ ಕೊಂದ ಪಾಪಕ್ಕೆ ಗುರಿಯಾಗುವವನು. ಹಕ್ಕು, ಹೊಣೆ, ಹಣ, ಕಾವಲು, ಪ್ರಚಾರ, ದಂಡನೆ ಇವೆಲ್ಲವೂ ಒಂದೇ ಕಲ್ಲಿನಲ್ಲಿ ಬಂದುಹೋಗಿವೆ. ಇಂದಿನ ಎಷ್ಟೋ ಸೌಹಾರ್ದ ಘೋಷಣೆಗಳಲ್ಲಿ ಇವುಗಳ ಪೈಕಿ ಒಂದೂ ಇರುವುದಿಲ್ಲ.

ಇಷ್ಟೆಲ್ಲ ಹೇಳುವ ಈ ಶಾಸನ ಶುರುವಾಗುವುದು ರಾಮಾನುಜರ ಸ್ತುತಿಯಿಂದ. ಆ ಸ್ತುತಿ ಅವರನ್ನು ಪಾಷಂಡರೆಂಬ ಸಮುದ್ರವನ್ನು ಸುಡುವ ಬಡಬಾಗ್ನಿ ಎಂದು ಹೊಗಳುತ್ತದೆ. ಶ್ರೀವೈಷ್ಣವರ ಕಣ್ಣಿನಲ್ಲಿ ಆ ಪಾಷಂಡರೊಳಗೆ ಜೈನರೂ ಸೇರಿದ್ದರು ಎಂಬುದನ್ನು ಮರೆಯಬಾರದು. ಇಂಥ ಕಲ್ಲನ್ನು ಜೈನರು ತಮ್ಮ ಬಸದಿಯಲ್ಲೇ ನಿಲ್ಲಿಸಿಕೊಂಡರು! ಎರಡು ದರ್ಶನಗಳಲ್ಲಿ ಭೇದವಿಲ್ಲ ಎಂದು ಶಾಸನ ಮುಂದೆ ಹೇಳುತ್ತದೆ, ನಿಜ. ಆದರೆ ಆ ಮಾತನ್ನು ಈ ಮಂಗಳಾಚರಣೆಯ ಜೊತೆಗಿಟ್ಟು ಓದಿದರೆ, ರಾಜ ಎರಡು ತತ್ತ್ವಗಳು ಒಂದೇ ಎಂದು ಪಂಡಿತನಂತೆ ನಿರ್ಣಯಿಸಲಿಲ್ಲ, ತನ್ನ ಆಳ್ವಿಕೆಯಲ್ಲಿ ಇಬ್ಬರನ್ನೂ ಭೇದವೆಣಿಸದೆ ಕಾಣಬೇಕೆಂದು ವಿಧಿಸಿದ ಎನ್ನುವುದು ತಿಳಿಯುತ್ತದೆ. ಎಲ್ಲರ ದೇವರೂ ಒಂದೇ ಎಂಬ ಭಾವನೆಗೂ ನಮ್ಮಲ್ಲಿ ಗಟ್ಟಿ ಪರಂಪರೆಯಿದೆ. ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮವೆಂದು, ಬೌದ್ಧರು ಬುದ್ಧನೆಂದು, ಜೈನರು ಅರ್ಹಂತನೆಂದು ಆರಾಧಿಸುವವನು ಕೇಶವನೇ ಎನ್ನುವ ಬೇಲೂರಿನ ಶ್ಲೋಕ ಎಲ್ಲರಿಗೂ ಪರಿಚಿತ. ಅದರ ಸೌಂದರ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಜೈನನೊಬ್ಬ, ಕ್ಷಮಿಸಿ, ನಾನು ಆರಾಧಿಸುವುದು ಕೇಶವನನ್ನಲ್ಲ ಎಂದರೆ ಏನಾಗಬೇಕು? ಗೌರವವು ಒಂದೇತನದ ಮೇಲೆ ನಿಂತಿದ್ದರೆ ಹಾಗೆ ಹೇಳಿದವನಿಗೆ ಅದರಲ್ಲಿ ಜಾಗವಿರುವುದಿಲ್ಲ. ಮುಸ್ಲಿಮನಿಗೆ ತನ್ನ ದೇವರು ಏಕಮಾತ್ರ, ಕ್ರೈಸ್ತನಿಗೆ ತನ್ನ ಕ್ರಿಸ್ತನೇ ದಾರಿ, ನಾಸ್ತಿಕನಿಗೆ ದೇವರೇ ಇಲ್ಲ. ಇವರೆಲ್ಲ ಮೊದಲು ತಮ್ಮ ನಂಬಿಕೆಯನ್ನು ಸಡಿಲಿಸಿಕೊಂಡು ಬಂದರೆ ಮಾತ್ರ ಗೌರವ ಎನ್ನುವುದು ದೊಡ್ಡ ಬೆಲೆ ಕೇಳಿದಂತೆ. 1368ರ ಒಪ್ಪಂದ ಆ ಬೆಲೆಯನ್ನು ಯಾರಿಂದಲೂ ಕೇಳಲಿಲ್ಲ.

ಇಲ್ಲಿ ಶ್ರದ್ಧಾವಂತರಿಂದ ಒಂದು ಪ್ರಾಮಾಣಿಕ ಆಕ್ಷೇಪ ಬರುತ್ತದೆ. ನನ್ನ ಧರ್ಮ ಸತ್ಯವೆಂದು ನಾನು ನಂಬಿದ ಮೇಲೆ, ಅದಕ್ಕೆ ವಿರುದ್ಧವಾದುದನ್ನು ಗೌರವಿಸುವುದು ನನ್ನ ನಂಬಿಕೆಗೆ ನಾನೇ ಮಾಡುವ ವಂಚನೆಯಲ್ಲವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಧರ್ಮವನ್ನು ಗಂಭೀರವಾಗಿ ತೆಗೆದುಕೊಂಡವರಿಗೇ ಇದು ಕಾಡುವುದು. ಆದರೆ ಒಬ್ಬನ ಮತವನ್ನು ಖಂಡಿಸುವುದು ಬೇರೆ, ಅವನ ದೇಗುಲದ ಬಾಗಿಲಲ್ಲಿ ವಾದ್ಯ ನಿಲ್ಲಿಸುವುದು ಬೇರೆ. ಮೊದಲನೆಯದಕ್ಕೆ ಎದುರಾಳಿ ಉತ್ತರ ಕೊಡಬಹುದು. ತಾನೂ ಗ್ರಂಥ ಬರೆಯಬಹುದು, ವಾದಕ್ಕೆ ಕರೆಯಬಹುದು. ಎರಡನೆಯದರಲ್ಲಿ ಅವನ ಬಾಯಿ ಕಟ್ಟಿದಂತಾಗುತ್ತದೆ, ಹಾಗಾಗಿ ಸತ್ಯಕ್ಕೂ ಅದರಿಂದ ಲಾಭವಿಲ್ಲ. ಜೈನರೂ ವೈದಿಕರೂ ಪರಸ್ಪರ ಖಂಡಿಸಿಕೊಂಡ ಗ್ರಂಥಗಳು ನಮ್ಮ ಮಠಗಳಲ್ಲಿ, ಬಸದಿಗಳಲ್ಲಿ ರಾಶಿ ರಾಶಿಯಾಗಿವೆ. ಆ ವಾದಗಳಿಂದ ಎರಡೂ ದರ್ಶನಗಳ ತರ್ಕ ಹರಿತವಾಯಿತು. ಗೌರವ ಎಂದರೆ ವಾದವನ್ನು ನಿಲ್ಲಿಸುವುದಲ್ಲ. ವಾದ ಮುಗಿದು ಎದ್ದು ಹೋಗುವಾಗ ಎದುರಾಳಿಯ ಪೂಜೆ ಅಡ್ಡಿಯಿಲ್ಲದೆ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವ ಹೊಣೆ ಅದು. ತನ್ನ ನಂಬಿಕೆಯನ್ನು ಒಂದಿಷ್ಟೂ ಬಿಟ್ಟುಕೊಡದವನೂ ಈ ಹೊಣೆ ಹೊರಬಲ್ಲ.

ಇನ್ನೊಂದು ಆಕ್ಷೇಪ ಇತಿಹಾಸ ಓದಿದವರದು. ಬುಕ್ಕರಾಯನಿಗೆ ಇದರಲ್ಲಿ ಸ್ವಾರ್ಥವಿತ್ತು. ಹೊಸ ರಾಜ್ಯ, ಉತ್ತರದಲ್ಲಿ ಬಹಮನಿಗಳ ಜೊತೆ ಯುದ್ಧ, ವರ್ತಕರಲ್ಲಿ ಜೈನರ ಪ್ರಭಾವ, ಒಳಜಗಳ ಅವನಿಗೆ ಬೇಡವಾಗಿತ್ತು ಎಂದು ಅವರು ಹೇಳುತ್ತಾರೆ. ಇರಬಹುದು. ರಾಜನ ಎದೆಯೊಳಗೆ ಏನಿತ್ತು ಎಂದು ಅಳೆಯುವ ಸಾಧನ ನಮ್ಮಲ್ಲಿಲ್ಲ, ಅದರ ಅಗತ್ಯವೂ ಇಲ್ಲ. ಶುದ್ಧ ಹೃದಯದವರು ಸಿಗುವವರೆಗೆ ಕಾದಿದ್ದರೆ ಯಾವ ಕಾಲದಲ್ಲೂ ಯಾವ ಒಪ್ಪಂದವೂ ಆಗುತ್ತಿರಲಿಲ್ಲ. ನೆಮ್ಮದಿಯಿಂದ ವ್ಯಾಪಾರ ನಡೆಯಲಿ, ತೆರಿಗೆ ಬರಲಿ, ಮಕ್ಕಳು ಶಾಲೆಗೆ ಹೋಗಿ ಬರಲಿ ಎಂಬ ಆಸೆಗಳು ಸ್ವಾರ್ಥವೇ ಆಗಿದ್ದರೂ, ಅವುಗಳಿಂದ ಹುಟ್ಟಿದ ಕಟ್ಟಳೆ ಮುಂದಿನ ಪೀಳಿಗೆಗೆ ಅಭ್ಯಾಸವಾಗಿ ಇಳಿಯುತ್ತದೆ. ಈ ಕಥೆಯಲ್ಲಿ ರಾಜನನ್ನೇ ನೋಡುತ್ತ ಕೂತರೆ ಮುಖ್ಯ ವ್ಯಕ್ತಿಗಳು ಕಣ್ತಪ್ಪುತ್ತಾರೆ. ಮೊದಲ ಹೆಜ್ಜೆ ಇಟ್ಟವರು ಜೈನರು. ಹಲವು ಊರುಗಳವರು ಮಾತಾಡಿಕೊಂಡು, ಒಟ್ಟಾಗಿ ಬಂದು, ಆದ ಅನ್ಯಾಯವನ್ನು ಅನ್ಯಾಯವೆಂದೇ ಹೇಳಿದರು. ದಯೆ ಬೇಡಲಿಲ್ಲ, ಹಿಂದಿನಿಂದ ನಡೆದುಬಂದ ತಮ್ಮ ಮರ್ಯಾದೆಯನ್ನು ಕೇಳಿದರು. ಸಹಿಷ್ಣುತೆ ಎಂದರೆ ದೊಡ್ಡವರು ಚಿಕ್ಕವರಿಗೆ ತೋರುವ ಔದಾರ್ಯ ಎಂಬ ಕಲ್ಪನೆಗೆ ಇಲ್ಲಿ ಆಧಾರವಿಲ್ಲ.

ಹಾಗೆಂದು ನಮ್ಮ ಗತಕಾಲವೆಲ್ಲ ಇದೇ ಆಗಿತ್ತು ಎಂದರೆ ಸುಳ್ಳಾಗುತ್ತದೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಶಾಸನವೊಂದಿದೆ. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ, ತಲೆ ಕತ್ತರಿಸಿಕೊಂಡು ಶಿವನಿಂದ ಮರಳಿ ಪಡೆದ ಎಂದೂ, ಜೈನರು ಮಾತಿಗೆ ತಪ್ಪಿದಾಗ ಅವರ ಜಿನಮೂರ್ತಿಯನ್ನು ಒಡೆದ ಎಂದೂ, ದೊರೆ ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟ ಎಂದೂ ಅದು ಹೆಮ್ಮೆಯಿಂದ ಹೇಳುತ್ತದೆ. ಪವಾಡದ ಭಾಗವನ್ನು ನಂಬಿದರೂ ಬಿಟ್ಟರೂ ಮೂರ್ತಿ ಒಡೆದದ್ದನ್ನು ಕೀರ್ತಿಯೆಂದು ಕೆತ್ತಿಸಿದ ಮನಸ್ಸು ಆ ಕಾಲದಲ್ಲಿ ಇತ್ತು ಎನ್ನುವುದನ್ನು ಒಪ್ಪಿಕೊಳ್ಳಲೇಬೇಕು. ಇದೇ ಕಾರಣಕ್ಕೆ 1638ರ ಹಳೇಬೀಡಿನ ಶಾಸನ ನನಗೆ ಬಹಳ ಅಮೂಲ್ಯವೆನಿಸುತ್ತದೆ. ಅಲ್ಲಿನ ವಿಜಯಪಾರ್ಶ್ವನಾಥ ಬಸದಿ 1133ರಲ್ಲಿ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ್ದು. ಹೊಯ್ಸಳ ದೊರೆ ವಿಷ್ಣುವರ್ಧನ ತನಗೆ ಯುದ್ಧದಲ್ಲಿ ಜಯ ಸಿಕ್ಕ, ಮಗ ಹುಟ್ಟಿದ ಸಂತೋಷದಲ್ಲಿ ಆ ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನು. ಐದು ಶತಮಾನಗಳ ಬಳಿಕ ಹುಚ್ಚಪ್ಪದೇವ ಎಂಬ ವೀರಶೈವರು ಆ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದರು. ವಿಜಯಪ್ಪ ಎಂಬ ಜೈನ ಅದನ್ನು ಅಳಿಸಿಹಾಕಿದ. ಇಂದು ಇಂಥದೊಂದು ಘಟನೆಯ ವೀಡಿಯೊ ಹರಿದಾಡಿದರೆ ಸಂಜೆಯೊಳಗೆ ಅಂಗಡಿಗಳು ಮುಚ್ಚುತ್ತವೆ. ಅಂದು ಜೈನ ಸೆಟ್ಟಿಗಳು ದೂರು ಒಯ್ದರು, ವೀರಶೈವ ಹಿರಿಯರ ಸಭೆಯಾದ ಮಹಾಮಹತ್ತಿನವರು ಸೇರಿ ಕೂತರು, ಒಂದು ನಿರ್ಣಯಕ್ಕೆ ಬಂದರು. ಮೊದಲು ವಿಭೂತಿ, ವೀಳ್ಯದ ಮರ್ಯಾದೆ ಸಲ್ಲಲಿ. ಬಳಿಕ ಜೈನರು ತಮ್ಮ ಸಂಪ್ರದಾಯದಂತೆ ಪೂಜೆ, ಅಲಂಕಾರ, ಉತ್ಸವಗಳನ್ನು ಸೂರ್ಯಚಂದ್ರರಿರುವವರೆಗೆ ನಡೆಸಿಕೊಳ್ಳಲಿ.

ಆ ವಿಭೂತಿ, ವೀಳ್ಯದ ಷರತ್ತು ಇಂದಿನ ಕಣ್ಣಿಗೆ ಚುಚ್ಚುತ್ತದೆ. ತಮ್ಮದೇ ಬಸದಿಯಲ್ಲಿ ತಮ್ಮದೇ ದೇವರ ಪೂಜೆಗೆ ಮೊದಲು ಇನ್ನೊಂದು ಧರ್ಮದ ಚಿಹ್ನೆಗೆ ಮರ್ಯಾದೆ ಸಲ್ಲಿಸಬೇಕಾದದ್ದು ಸಮಾನರ ನಡುವಿನ ಒಪ್ಪಂದವಲ್ಲ. ಬಲದ ಅಂತರ ಅದರಲ್ಲಿ ಎದ್ದು ಕಾಣುತ್ತದೆ. ಆದರೂ ಆ ನಿರ್ಣಯದ ಕೊನೆಯ ಭಾಗವನ್ನು ಓದಬೇಕು. ಈ ಜಿನಧರ್ಮಕ್ಕೆ ಅಡ್ಡಿ ಮಾಡುವ ವೀರಶೈವನು ತಮ್ಮ ಮಹಾಮಹತ್ತಿನ ಪಾದಕ್ಕೆ ಹೊರಗು, ಶಿವದ್ರೋಹಿ, ಜಂಗಮದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ ಅನರ್ಹ ಎಂದು ವೀರಶೈವ ಹಿರಿಯರೇ ಸಾರಿದರು. ಅಂದರೆ ಜೈನನ ಪೂಜೆಯನ್ನು ಕೆಡಿಸಿದವನು ತನ್ನ ಶಿವನಿಗೇ ದ್ರೋಹ ಮಾಡಿದಂತೆ. ತಪ್ಪಿತಸ್ಥನಿಗೆ ಅವನದೇ ಧರ್ಮದ ನುಡಿಯಲ್ಲಿ, ಅವನದೇ ಗುರುಗಳಿಂದ ಬರುವ ಖಂಡನೆಗೆ ಇರುವ ಬಲ ಬೇರೆ ಯಾವ ಖಂಡನೆಗೂ ಇಲ್ಲ. ಎದುರು ಧರ್ಮದವರು ಖಂಡಿಸಿದರೆ ಅವನು ವೀರನಾಗುತ್ತಾನೆ, ಸರ್ಕಾರ ಶಿಕ್ಷಿಸಿದರೆ ಹುತಾತ್ಮನಾಗುತ್ತಾನೆ. ತನ್ನವರೇ ಹೊರಗಿಟ್ಟರೆ ಅವನಿಗೆ ಉಳಿಯುವ ಪದವಿ ಯಾವುದೂ ಇಲ್ಲ. ನಮ್ಮ ಕಾಲದಲ್ಲಿ ತೀರ ವಿರಳವಾಗಿರುವುದು ಇದೇ. ತಮ್ಮವರು ಅನ್ಯರಿಗೆ ಮಾಡಿದ ಅನ್ಯಾಯವನ್ನು ತಮ್ಮ ಧರ್ಮಕ್ಕೇ ಆದ ಅಪಚಾರವೆಂದು ಘೋಷಿಸುವ ಧಾರ್ಮಿಕ ಮುಖಂಡರು ಎಲ್ಲ ಧರ್ಮಗಳಲ್ಲೂ ಇದ್ದಾರೆ, ಆದರೆ ಎಣಿಕೆಗೆ ಸಿಗುವಷ್ಟೇ ಇದ್ದಾರೆ.

ಜೈನ, ಶೈವ, ವೈಷ್ಣವರ ಮಾತು ಬೇರೆ. ಅವರೆಲ್ಲ ಈ ನೆಲದವರು, ಪರಸ್ಪರ ನೆಂಟರಂತೆ ಇದ್ದವರು. ಹೊರಗಿನಿಂದ ಬಂದ ಧರ್ಮಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ ಎಂಬ ವಾದ ಈಗ ಆಗಾಗ ಕೇಳಿಬರುತ್ತದೆ. ಅಬ್ಬಲೂರಿನ ಶಾಸನವೇ ಇದಕ್ಕೆ ಮೊದಲ ಉತ್ತರ. ಮೂರ್ತಿ ಒಡೆದು ಜಯಪತ್ರ ಪಡೆಯುವಷ್ಟು ಹಗೆ ಇದ್ದ ಪಂಗಡಗಳು ಇವತ್ತು ನೆಂಟರಂತೆ ಕಾಣುತ್ತಿದ್ದರೆ, ಆ ನೆಂಟಸ್ತಿಕೆ ಹುಟ್ಟಿನಿಂದ ಬಂದದ್ದಲ್ಲ. ಇಂಥ ಎಷ್ಟೋ ಒಪ್ಪಂದಗಳು, ತಲೆಮಾರುಗಳ ಸಹವಾಸ ಸೇರಿ ಅದನ್ನು ಕಟ್ಟಿದವು. ನಮ್ಮವರಾದ್ದರಿಂದ ಒಪ್ಪಂದವಾಯಿತು ಎನ್ನುವುದಕ್ಕಿಂತ, ಒಪ್ಪಂದ ಮಾಡಿಕೊಳ್ಳುತ್ತ ಮಾಡಿಕೊಳ್ಳುತ್ತ ನಮ್ಮವರಾದರು ಎನ್ನುವುದೇ ದಾಖಲೆಗಳಿಗೆ ಹತ್ತಿರ. ಎರಡನೆಯ ಉತ್ತರ ಹಂಪಿಯಲ್ಲಿದೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಅಲ್ಲಿ ಮಸೀದಿಯೊಂದನ್ನು ಕಟ್ಟಿಸಿ, ಅದನ್ನು ಧರ್ಮಸಾಲೆಯೆಂದು ಕರೆದು, ಅದರ ಪುಣ್ಯ ತನ್ನ ರಾಜನಿಗೆ ಸಲ್ಲಲಿ ಎಂದು ಕನ್ನಡದಲ್ಲೇ ಶಾಸನ ಹಾಕಿಸಿದ. ತನಗೆ ವಂದಿಸಲು ಮುಸ್ಲಿಂ ಸೈನಿಕರಿಗೆ ಧರ್ಮದ ಅಡ್ಡಿ ಬಾರದಿರಲಿ ಎಂದು ದೇವರಾಯ ಸಿಂಹಾಸನದ ಮುಂದೆ ಕುರಾನ್ ಇರಿಸಿಕೊಳ್ಳುತ್ತಿದ್ದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಅದೇ ವಿಜಯನಗರ ಬಹಮನಿಗಳ ವಿರುದ್ಧ ತಲೆಮಾರುಗಟ್ಟಲೆ ಕಾದಾಡುತ್ತಲೂ ಇತ್ತು. ಎದುರಾಳಿ ರಾಜನ ಧರ್ಮವೂ ತನ್ನ ಸೈನಿಕನ ಧರ್ಮವೂ ಒಂದೇ ಆಗಿದ್ದರೂ ಇಬ್ಬರನ್ನೂ ಒಂದೇ ಎಂದು ಎಣಿಸದ ವಿವೇಕ ಆ ಆಸ್ಥಾನದಲ್ಲಿತ್ತು. ದೂರದ ಯಾವುದೋ ದೇಶದ ಅಥವಾ ಸತ್ತುಹೋದ ಯಾವುದೋ ರಾಜನ ಲೆಕ್ಕವನ್ನು ಪಕ್ಕದ ಮನೆಯವನ ಖಾತೆಗೆ ಬರೆಯುವ ಇಂದಿನ ಚಟಕ್ಕೆ ಹದಿನೈದನೆಯ ಶತಮಾನದ ಈ ವಿವೇಕವೇ ಸಾಕಷ್ಟು ಉತ್ತರ.

ಜನಸಾಮಾನ್ಯರ ಬದುಕಿನಲ್ಲಿ ಈ ಸಹವಾಸ ಶಾಸನಗಳಿಲ್ಲದೆಯೇ ಬೆಳೆದಿದೆ. ಉತ್ತರ ಕರ್ನಾಟಕದ ಹಲವು ಹಳ್ಳಿಗಳಲ್ಲಿ ಮೊಹರಂ ಎಲ್ಲರ ಹಬ್ಬ. ಮುಸ್ಲಿಂ ಮನೆಗಳೇ ಇಲ್ಲದ ಊರುಗಳಲ್ಲೂ ಅಲಾಯಿ ದೇವರು ಕೂರುತ್ತವೆ, ರಿವಾಯತ್ ಪದಗಳನ್ನು ಹಿಂದೂಗಳೇ ಹಾಡುತ್ತಾರೆ. ಶಿಶುನಾಳದಲ್ಲಿ ಸಂತ ಶರೀಫರ ಗದ್ದುಗೆಗೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ. ಧರ್ಮಸ್ಥಳದಲ್ಲಿ ಶಿವನ ದೇವಾಲಯ, ವೈಷ್ಣವ ಅರ್ಚಕರು, ಜೈನ ಧರ್ಮಾಧಿಕಾರಿ. ಇವೆಲ್ಲ ನಮ್ಮ ನಾಡಿನ ನಿಜವಾದ ಸಂಪತ್ತು. ಆದರೆ ಇವುಗಳನ್ನು ತೋರಿಸಿ, ನಮ್ಮಲ್ಲಿ ಏನೂ ತೊಂದರೆಯಿಲ್ಲ ಎಂದು ಸಮಾಧಾನಪಡುವುದು ಅಪಾಯಕಾರಿ. ಹಬ್ಬದ ದಿನ ಒಟ್ಟಿಗೆ ಕುಣಿದವರು ವದಂತಿಯ ದಿನ ಬೇರೆ ಬೇರೆ ಬೀದಿಗಳಲ್ಲಿ ಗುಂಪುಗೂಡುವುದು ಉಂಟು. ಹಬ್ಬದ ಸೌಹಾರ್ದಕ್ಕೆ ಪ್ರೀತಿ ಸಾಕು. ವದಂತಿಯ ದಿನಕ್ಕೆ ಮುಂಚೆಯೇ ಒಪ್ಪಿಕೊಂಡ ನಿಯಮ ಬೇಕು, ಅದನ್ನು ಜಾರಿಗೆ ತರಲು ಹೆಸರಿರುವ ಮನುಷ್ಯರು ಬೇಕು.

ವದಂತಿಯ ಮಾತು ಬಂದದ್ದರಿಂದ ಅಶೋಕನನ್ನು ನೆನೆಯಲೇಬೇಕು. ಅವನ ಹನ್ನೆರಡನೆಯ ಬಂಡೆಗಲ್ಲು ಶಾಸನ ಇಡೀ ಈ ವಿಷಯಕ್ಕೇ ಮೀಸಲು. ಅದರ ಒಂದು ಪ್ರತಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಸಿಕ್ಕಿತು. 1986ರಲ್ಲಿ ಅಲ್ಲಿನ ಚಂದ್ರಲಾಂಬ ದೇವಾಲಯದ ಆವರಣದ ಕಾಳಿ ಗುಡಿ ಕುಸಿದಾಗ, ದೇವಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಮೌರ್ಯ ಚಕ್ರವರ್ತಿಯ ಬರಹವಿರುವುದು ಗೊತ್ತಾಯಿತು. ಕಾರಣವಿಲ್ಲದೆ ತನ್ನ ಪಂಥವನ್ನು ಹೊಗಳಿ ಇತರರದನ್ನು ಹಳಿಯಬಾರದು, ಕಾರಣವಿದ್ದರೂ ಮಾತು ಮಿತವಾಗಿರಬೇಕು, ಹಾಗೆ ಹಳಿಯುವವನು ತನ್ನ ಪಂಥಕ್ಕೇ ಹೆಚ್ಚು ಹಾನಿ ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕು ಎಂಬುದು ಅದರ ಸಾರ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಒಬ್ಬ ಚಕ್ರವರ್ತಿ ಸಹಿಷ್ಣುತೆಯ ಬೇರನ್ನು ನಾಲಗೆಯ ಹಿಡಿತದಲ್ಲಿ ಕಂಡ. ಅಂಗೈಯ ಮೊಬೈಲಿನಿಂದ ನೂರು ಜನರಿಗೆ ಒಂದೇ ಕ್ಷಣದಲ್ಲಿ ಮಾತು ಮುಟ್ಟಿಸಬಲ್ಲ ಇಂದಿನ ಪ್ರತಿಯೊಬ್ಬನಿಗೂ ಆ ಹಿಡಿತ ಚಕ್ರವರ್ತಿಗಿಂತ ಹೆಚ್ಚು ಬೇಕು. ವಾಟ್ಸಾಪ್ ಗುಂಪಿನಲ್ಲಿ ನಮ್ಮದೇ ಧರ್ಮದವನೊಬ್ಬ ಇನ್ನೊಂದು ಧರ್ಮದ ಬಗ್ಗೆ ಸುಳ್ಳು ಹಾಕಿದಾಗ ಅದನ್ನು ಅಲ್ಲೇ ತಿದ್ದುವುದು ನಮ್ಮ ಪಾಲಿನ ಕೆಲಸ. ಹಳೇಬೀಡಿನ ಹಿರಿಯರು ಮಾಡಿದ್ದು ಅದನ್ನೇ.

ಎಲ್ಲವನ್ನೂ ಗೌರವಿಸುತ್ತ ಹೋದರೆ ಧರ್ಮದ ಹೆಸರಿನ ಅನ್ಯಾಯಗಳನ್ನೂ ಒಪ್ಪಿಕೊಳ್ಳಬೇಕಾಗುತ್ತದಲ್ಲ ಎಂದು ಸುಧಾರಣೆಯ ಕಾಳಜಿ ಇರುವವರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಸಂವಿಧಾನದ 25ನೆಯ ವಿಧಿ ಎಲ್ಲರಿಗೂ ಸಮಾನವಾಗಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ, ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಅದೇ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿಯನ್ನೂ ಹಾಕುತ್ತದೆ, ಸಮಾಜ ಸುಧಾರಣೆಯ ಕಾನೂನುಗಳಿಗೂ ದಾರಿ ಬಿಡುತ್ತದೆ. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಕರ್ನಾಟಕ 1982ರಲ್ಲಿ ದೇವದಾಸಿ ಬಿಡುವ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ತಂದಿತು. ಅದರಿಂದ ಯಾವ ದೇವತೆಗೂ ಅವಮಾನವಾಗಲಿಲ್ಲ, ಬಡ ಹೆಣ್ಣುಮಕ್ಕಳ ಪರ ನ್ಯಾಯ ಒಂದು ಹೆಜ್ಜೆ ಮುಂದೆ ಬಂತು. ಗೌರವ ಸಲ್ಲಬೇಕಾದದ್ದು ಮನುಷ್ಯರಿಗೆ, ಅವರ ಆರಾಧನೆಯ ಹಕ್ಕಿಗೆ; ಮನುಷ್ಯರನ್ನೇ ಹಿಸುಕುವ ರೂಢಿಗೆ ಅದು ಸಲ್ಲಬೇಕಾಗಿಲ್ಲ. ಆದರೆ ಒಂದು ಎಚ್ಚರಿಕೆ ಅಗತ್ಯ. ಇನ್ನೊಬ್ಬರ ಧರ್ಮದ ಹುಳುಕುಗಳ ಬಗ್ಗೆ ಮಾತ್ರ ಸುಧಾರಕರಾಗುವವರು, ತಮ್ಮ ಮನೆಯೊಳಗಿನದಕ್ಕೆ ಕುರುಡಾಗಿರುವವರು ನಂಬಿಕೆಗೆ ಅರ್ಹರಲ್ಲ. ಹನ್ನೆರಡನೆಯ ಶತಮಾನದ ವಚನಕಾರರ ಟೀಕೆಗೆ ಇಂದಿಗೂ ನೈತಿಕ ಬಲ ಉಳಿದಿದ್ದರೆ, ಅವರು ತಾವು ಬದುಕಿದ್ದ ಸಮಾಜದ ಒಳಗೇ ನಿಂತು, ಅದರ ಬೆಲೆ ತೆತ್ತು ಮಾತಾಡಿದರು ಎಂಬುದು ಒಂದು ದೊಡ್ಡ ಕಾರಣ.

ರಾಜರ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ ಒಂದು ವ್ಯತ್ಯಾಸವನ್ನು ಹೇಳದಿದ್ದರೆ ಈ ವಾದ ಅರ್ಧಕ್ಕೆ ನಿಲ್ಲುತ್ತದೆ. 1368ರಲ್ಲಿ ಜೈನರ ಕೈಯನ್ನು ಯಾರದೋ ಕೈಯಲ್ಲಿ ಇಡಬೇಕಾಗಿತ್ತು. ಈಗ ಹಾಗಿಲ್ಲ. ಪ್ರಜೆಯ ಹಕ್ಕು ಬಹುಸಂಖ್ಯಾತರ ರಕ್ಷಣೆಯಿಂದ ಬರುವುದಿಲ್ಲ, ಸಂಖ್ಯಾಬಲದಿಂದಲೂ ಬರುವುದಿಲ್ಲ. 1985ರಲ್ಲಿ ಕೇರಳದ ಶಾಲೆಯೊಂದರಿಂದ ಮೂವರು ಮಕ್ಕಳನ್ನು ಹೊರಹಾಕಲಾಯಿತು. ಯೆಹೋವನ ಸಾಕ್ಷಿಗಳು ಎಂಬ ಪುಟ್ಟ ಕ್ರೈಸ್ತ ಪಂಥದವರು ಅವರು. ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಧರ್ಮದ ಕಾರಣಕ್ಕೆ ಹಾಡುತ್ತಿರಲಿಲ್ಲ. ಮರುವರ್ಷ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಬರೆದ ತೀರ್ಪಿನಲ್ಲಿ, ಆ ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ನಂಬಿಕೆ ಪ್ರಾಮಾಣಿಕವೇ ಎಂಬುದನ್ನಷ್ಟೇ ನ್ಯಾಯಾಲಯ ನೋಡಿತು, ಅದು ನಮಗೆ ಸರಿಯೆನಿಸುತ್ತದೆಯೇ ಎಂಬುದನ್ನಲ್ಲ. ನಮಗೆ ವಿಚಿತ್ರವಾಗಿ ಕಾಣುವ ನಂಬಿಕೆಯ ವಿಷಯದಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದೇ ಇಲ್ಲಿ ನಿಜವಾದ ಪರೀಕ್ಷೆ, ಏಕೆಂದರೆ ಹಿಡಿಸಿದ್ದನ್ನು ಗೌರವಿಸಲು ಯಾರಿಗೂ ಕಷ್ಟವಿಲ್ಲ. ಆದರೆ ಕೋರ್ಟು ಎಲ್ಲ ಬೀದಿಗಳಿಗೂ ಬರಲಾರದು. ಹೆಸರು ಕೇಳಿದ ಕೂಡಲೇ ಬಾಡಿಗೆ ಮನೆ ಇಲ್ಲವೆನ್ನುವ ಯಜಮಾನನಿಗೂ, ಇಂಥವರ ಅಂಗಡಿಗೆ ಹೋಗಬೇಡಿ ಎನ್ನುವ ಕರಪತ್ರಕ್ಕೂ ತೀರ್ಪಿನ ಪ್ರತಿ ತಾನಾಗಿ ಮುಟ್ಟುವುದಿಲ್ಲ. ಹಕ್ಕು ಕಾನೂನಿನಿಂದ ಬಂದರೂ ಅದರ ನೆಮ್ಮದಿ ನೆರೆಹೊರೆಯವರಿಂದಲೇ ಬರಬೇಕು.

ಹಳೆಯ ಒಪ್ಪಂದಗಳಿಗೆ ಇಂದು ತೀರ ಹತ್ತಿರವಾಗಿರುವ ವ್ಯವಸ್ಥೆ ಎಂದರೆ ಗಣೇಶ ಹಬ್ಬ, ಈದ್ ಮಿಲಾದ್‌ಗಳ ಮುಂಚೆ ಪೊಲೀಸ್ ಠಾಣೆಗಳಲ್ಲಿ ನಡೆಯುವ ಶಾಂತಿ ಸಭೆ. ಅದನ್ನು ಕಾಟಾಚಾರವೆಂದು ತಳ್ಳಿಹಾಕುವುದು ತಪ್ಪು. 2023ರ ಸೆಪ್ಟೆಂಬರ್ 28ರಂದು ಅನಂತ ಚತುರ್ದಶಿಯ ಗಣೇಶ ವಿಸರ್ಜನೆಯೂ ಈದ್ ಮಿಲಾದ್ ಕೂಡ ಒಂದೇ ದಿನ ಬಂದಾಗ ಮುಂಬಯಿಯ ಮುಸ್ಲಿಂ ಮುಖಂಡರು ತಮ್ಮ ಮೆರವಣಿಗೆಯನ್ನು ಮರುದಿನಕ್ಕೆ ಮುಂದೂಡಿದರು. ಮಾತುಕತೆಗೆ ಇಷ್ಟು ಶಕ್ತಿಯಿದೆ. ನಮ್ಮ ಸಭೆಗಳ ದೌರ್ಬಲ್ಯವೆಂದರೆ ಒಪ್ಪಿದ್ದು ಬಾಯಿಮಾತಾಗಿ ಉಳಿಯುವುದು ಮತ್ತು ಪ್ರತಿ ವರ್ಷವೂ ಅದೇ ನಾಲ್ಕಾರು ಮುಖಂಡರು ಬಂದು ಚಹಾ ಕುಡಿದು ಹೋಗುವುದು. ಮೆರವಣಿಗೆಯ ದಾರಿ, ಹೊತ್ತು, ಯಾವ ಬಾಗಿಲ ಮುಂದೆ ಸದ್ದು ತಗ್ಗಬೇಕು, ಯಾರು ತಪ್ಪಿದರೆ ಅವರದೇ ಕಡೆಯ ಯಾರು ಉತ್ತರ ಹೇಳಬೇಕು ಎಂಬುದನ್ನು ಬರೆದು, ದೇವಸ್ಥಾನದಲ್ಲೂ ಮಸೀದಿಯಲ್ಲೂ ಚರ್ಚಿನಲ್ಲೂ ತೂಗುಹಾಕಬಹುದು. ಬುಕ್ಕರಾಯ ತನ್ನ ಕಾಲದಲ್ಲಿ ಬಸದಿ ಬಸದಿಗೂ ಕಲ್ಲು ನೆಡಿಸಲು ಹೇಳಿದ್ದು ಇದಕ್ಕಾಗಿಯೇ. ಅವನ ಶಾಸನಕ್ಕೆ ಆಮೇಲೆ ಒಂದು ಸೇರ್ಪಡೆಯಾಯಿತು: ಕಲ್ಲೇಹದ ಬುಸುವಿಸೆಟ್ಟಿ ರಾಜನಿಗೆ ಬಿನ್ನವಿಸಿ, ತಿರುಮಲೆಯ ತಾತಯ್ಯನವರನ್ನು ಬರಮಾಡಿಕೊಂಡು, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದ, ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಒಪ್ಪಂದವನ್ನು ಮತ್ತೆ ಊರ್ಜಿತಗೊಳಿಸುವ ಕೆಲಸಕ್ಕೆ ಆಗ ಒಬ್ಬ ಸೆಟ್ಟಿ ಮುಂದೆ ಬಂದ. ಈಗ ಶಾಂತಿ ಸಭೆಗೆ ಕರೆಯದೆ ಬಿಟ್ಟಿರುವವರನ್ನು ಮೊದಲು ಕರೆಯಬೇಕು: ಮೆರವಣಿಗೆಯ ಮುಂದೆ ಕುಣಿಯುವ, ಡಿಜೆ ಹಚ್ಚುವ, ಬಾವುಟ ಕಟ್ಟುವ ಇಪ್ಪತ್ತರ ಹರೆಯದ ಹುಡುಗರು, ಗಲಭೆಯ ರಾತ್ರಿ ಬಾಗಿಲು ಹಾಕಿಕೊಂಡು ಮಕ್ಕಳನ್ನು ಕಾಯುವ ಹೆಂಗಸರು, ಮರುದಿನ ಗಿರಾಕಿಯಿಲ್ಲದೆ ಕೂರುವ ಹೂವಿನವರು, ಆಟೊದವರು. ತಿರಿಕುಲ, ಜಾಂಬವಕುಲಗಳವರೆಗೆ ಎಲ್ಲರ ಹೆಸರನ್ನೂ ಬರೆಸಿದ 1368ರ ಪಟ್ಟಿಗಿಂತ ನಮ್ಮ ಠಾಣೆಯ ಹಾಜರಿ ಪುಸ್ತಕ ಚಿಕ್ಕದಾಗಿರಬೇಕಾದ ಕಾರಣವೇನೂ ಇಲ್ಲ.